ಬಾಣಲೆಯ ಎಣ್ಣೆ ಮತ್ತು ಲೇಸರ್ ಯಂತ್ರ

ಸಂಜೆಯಾದರೆ ಕೌಲ್ ಬಜಾರಿನಲ್ಲಿ ಮಿರ್ಚಿ, ಸಮೋಸಾದ ಘಮ. ಬಾಣಲೆಯ ಎಣ್ಣೆ ಎಷ್ಟನೇ ಸಲ ಕಾದದ್ದು? ಬಣ್ಣವೊಂದನ್ನೇ ನೋಡಿ ಹೇಳಲಾಗದು. ಮತ್ತೆ ಮತ್ತೆ ಕಾದ ಕೊಬ್ಬಿನ ಅಣುವಿಗೆ ಆಮ್ಲಜನಕ ಅಂಟುತ್ತದೆ. ಒಂದು ಪರಮಾಣು ಸೇರಿದರೆ ತೂಕ 16ರಷ್ಟು ಏರುತ್ತದೆ. ಇದನ್ನು ತೂಗಬಲ್ಲ ಯಂತ್ರಗಳಲ್ಲಿ ಲೇಸರ್ ಬಳಸುವ ‘ಮಾಲ್ಡಿ’ ಒಂದು.

ಲೇಸರ್ ನೇರವಾಗಿ ಬಡಿದರೆ ಅಣು ಒಡೆದೀತು. ಹಾಗಾಗಿ ಎಣ್ಣೆಯನ್ನು ಮ್ಯಾಟ್ರಿಕ್ಸ್ ಎಂಬ ಹರಳಿನ ಪುಡಿಯೊಂದಿಗೆ ಬೆರೆಸುತ್ತಾರೆ. ಏಟು ತಿನ್ನುವುದು ಪುಡಿ, ಮೇಲೇಳುವುದು ಇಡೀ ಅಣು. ಯಾವ ಪುಡಿ ಎಂಬುದೇ ಇಲ್ಲಿ ಮುಖ್ಯ. ಪ್ರೋಟೀನ್ ತುಣುಕುಗಳಿಗೆ ಹೆಸರಾದ ಸಯನೋ ಸಿನ್ನಾಮಿಕ್ ಆಮ್ಲ ಕಡಿಮೆ ತೂಕದ ಕಡೆ ತಾನೇ ಗದ್ದಲ ಮಾಡುತ್ತದೆ. ಟ್ರೈಗ್ಲಿಸರೈಡ್‌ಗೆ ಸಾಮಾನ್ಯವಾಗಿ ಡಿಎಚ್‌ಬಿ, ಋಣ ಅಯಾನಾಗುವ ಕೊಬ್ಬುಗಳಿಗೆ 9-ಅಮೈನೋಅಕ್ರಿಡಿನ್. ಆಯ್ಕೆ ತಪ್ಪಿದರೆ ಇದ್ದ ಕೊಬ್ಬೂ ವರದಿಯಲ್ಲಿ ಕಾಣದು.

ನಿಮ್ಮ ರಕ್ತದ ಲಿಪಿಡ್ ಪ್ರೊಫೈಲ್‌ಗೆ ಈ ಯಂತ್ರ ಬೇಕಿಲ್ಲ. ಅದನ್ನು ಕಿಣ್ವ ಬಳಸಿ, ಬಣ್ಣ ಅಳೆದು ಮಾಡುತ್ತಾರೆ. ಬೀದಿಯ ಬಾಣಲೆಗೂ ಬೇಕಿಲ್ಲ. 2018ರ ಜುಲೈ 1ರಿಂದ ಕರಿಯುವ ಎಣ್ಣೆಯಲ್ಲಿ ‘ಪೋಲಾರ್’ ಅಂಶ ಶೇ. 25 ಮೀರುವಂತಿಲ್ಲ, ಅದನ್ನು ಅಳೆಯಲು ಕೈಯಲ್ಲಿ ಹಿಡಿಯುವ ಮೀಟರ್‌ಗಳಿವೆ. ಮನೆಯಲ್ಲಾದರೆ ನೊರೆ, ಹೊಗೆ, ಅಂಟು ಕಂಡ ಎಣ್ಣೆಯನ್ನು ಮರುದಿನದ ಇಫ್ತಾರ್‌ಗೆಂದು ಎತ್ತಿಡಬೇಡಿ.