ಜೋಳದ ದಿಂಡಿಗೆ ತಕ್ಕ ಒಲೆ

ದೀಪಾವಳಿ ಹೊತ್ತಿಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಗೋವಿನಜೋಳದ ರಾಶಿ ಜೋರು. ಮಷಿನ್ ಒಂದು ಬದಿಗೆ ಕಾಳು ಸುರಿದರೆ ಇನ್ನೊಂದು ಬದಿಗೆ ದಿಂಡು ಗುಡ್ಡೆ ಬೀಳುತ್ತದೆ. ಕ್ವಿಂಟಾಲ್ ಕಾಳಿಗೆ ಅಂದಾಜು 15ರಿಂದ 20 ಕಿಲೋ ದಿಂಡು. ಬಚ್ಚಲ ಒಲೆಗೆ ಬೇಕಾದಷ್ಟು ಮನೆಗೆ ಬರುತ್ತದೆ. ಮಿಕ್ಕಿದ್ದಕ್ಕೆ ಎಷ್ಟೋ ಸಲ ಬದುವಿನಲ್ಲೇ ಬೆಂಕಿ.

ಅಮೆರಿಕದ ಚಳಿಸೀಮೆಯಲ್ಲಿ ಮನೆ ಬೆಚ್ಚಗಿಡಲು ಜೋಳದ ಕಾಳನ್ನೇ ಉರಿಸುವ ಒಲೆಗಳಿವೆ. ಕೇಳಿದರೇ ನಮಗೆ ಸಂಕಟ. ಮನೆ ಕಾಯಿಸುವಂಥ ಚಳಿಯೂ ಇಲ್ಲಿಲ್ಲ. ಬೇಕಾದದ್ದು ಒಂದು ಹಂಡೆ ಬಿಸಿನೀರು. ಅದಕ್ಕೆ ದಿಂಡು ಧಾರಾಳ. ಚೆನ್ನಾಗಿ ಒಣಗಿದ್ದರೆ ಕಿಲೋಗೆ ಸುಮಾರು 3,500 ಕಿಲೋಕ್ಯಾಲೊರಿ ಶಾಖ ಕೊಡುತ್ತದೆ, ಕಾಳಿಗಿಂತ ಅಷ್ಟೇನೂ ಕಡಿಮೆಯಲ್ಲ.

ಲೆಕ್ಕ ಹಾಕಿ ನೋಡಿ. 40 ಲೀಟರ್ ನೀರಿನ ಬಿಸಿಯನ್ನು 20 ಡಿಗ್ರಿ ಏರಿಸಲು 800 ಕಿಲೋಕ್ಯಾಲೊರಿ ಸಾಕು. ಅಂದರೆ ಕಾಲು ಕಿಲೋ ದಿಂಡು! ಆದರೆ ಶಾಖದ ಹತ್ತರಲ್ಲಿ ಒಂದು ಪಾಲು ಮಾತ್ರ ನೀರಿಗೆ ತಾಗುವ ಒಲೆಯಾದರೆ ಎರಡು ಕಿಲೋ ದಾಟುತ್ತದೆ. ದಿಂಡಿನ ತೂಕದ ಮುಕ್ಕಾಲು ಪಾಲು ಕಾಯುತ್ತಲೇ ಅನಿಲವಾಗಿ ಹೊರಡುತ್ತದೆ. ನಾವು ಕಾಣುವ ಉರಿ ಆ ಅನಿಲದ್ದು. ಬುಟ್ಟಿಗಟ್ಟಲೆ ಒಮ್ಮೆಲೇ ತುರುಕಿದರೆ ಅನಿಲ ಎದ್ದಷ್ಟು ಗಾಳಿ ಸಿಗದೆ, ಉರಿಯದೆ ಉಳಿದದ್ದು ಹೊಗೆಯಾಗಿ ಕಣ್ಣಿಗೆ ಬಡಿಯುತ್ತದೆ.

ಈ ಗಾಳಿಯ ಲೆಕ್ಕವನ್ನೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಿಡಿಯಿತು. ಅಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಜಾಲರಿ, ಹೊಗೆಕೊಳವೆ ಇರುವ ಅಸ್ತ್ರ ಒಲೆಯನ್ನು ಕೊಟ್ಟಿತು. ಮುಂದೆ ಅದೇ ಸಂಸ್ಥೆ ಬಿಪಿ ಕಂಪನಿಯ ಜೊತೆ ರೂಪಿಸಿದ ‘ಊರ್ಜಾ’ ಒಲೆ 2006ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಪೆಲೆಟ್ (ಬೆಳೆಯ ಕಸ ಒತ್ತಿ ಮಾಡಿದ ಗಟ್ಟಿ ತುಂಡು) ತುಂಬಿ ಬೆಂಕಿ ಹಚ್ಚುವುದು ಮೇಲಿನಿಂದ. ಸಣ್ಣ ಫ್ಯಾನು ಕೆಳಗಿನಿಂದ ಸ್ವಲ್ಪ ಗಾಳಿ ಕೊಟ್ಟು ಅನಿಲ ಏಳಿಸುತ್ತದೆ, ಮೇಲಿನ ತೂತುಗಳಿಂದ ಹೆಚ್ಚು ಗಾಳಿ ಕೊಟ್ಟು ಅದನ್ನು ಪೂರ್ತಿ ಸುಡುತ್ತದೆ. ಸುಮಾರು 4 ಲಕ್ಷ ಒಲೆಗಳು ಮಾರಾಟವಾದವು. ಎಡವಿದ್ದು ಪೆಲೆಟ್‌ನಲ್ಲಿ. ಹೊಟ್ಟು, ಕಬ್ಬಿನ ಸಿಪ್ಪೆಯನ್ನು ಯಂತ್ರದಲ್ಲಿ ಒತ್ತಿದಾಗ ಅದರಲ್ಲಿರುವ ಲಿಗ್ನಿನ್ ಬಿಸಿಗೆ ಮೆತ್ತಗಾಗಿ ಅಂಟಿನ ಕೆಲಸ ಮಾಡುತ್ತದೆ. ವಿಜ್ಞಾನ ಸೊಗಸು, ಆದರೆ ಕಚ್ಚಾಮಾಲಿನ ಬೆಲೆ ಏರಿ ಪೆಲೆಟ್ ದುಬಾರಿಯಾದಾಗ ಮನೆಗಳು ಒಲೆಯನ್ನು ಮೂಲೆಗಿಟ್ಟವು.

ಗೇಣುದ್ದದ ದಿಂಡನ್ನು ಪುಡಿ ಮಾಡಿ ಮತ್ತೆ ಒತ್ತುವ ಖರ್ಚು ನಮಗೇಕೆ? ಎರಡು ತುಂಡು ಮಾಡಿದರೆ ಸಾಕು. ಒಲೆಗೆ ಜಾಲರಿ ಹಾಕಿಸಿ, ಹಂಡೆಯ ಸುತ್ತಲಿನ ಸಂದು ಮಣ್ಣಿನಿಂದ ಮುಚ್ಚಿ, ಹೊಗೆಕೊಳವೆಯನ್ನು ಸೂರಿನಿಂದ ಮೇಲಕ್ಕೆ ಎತ್ತಿಸಿ. ಜಾಲರಿಯ ಮೇಲೆ ಗಾಜಿನಂಥ ಕಿಟ್ಟ ಕಂಡರೆ ಗಾಬರಿ ಬೇಡ: ದಿಂಡಿನ ಬೂದಿಯಲ್ಲಿ ಪೊಟ್ಯಾಷ್ ಹೆಚ್ಚು, ಜೋರು ಉರಿಗೆ ಕರಗಿ ಗಟ್ಟಿಯಾಗುತ್ತದೆ. ಅದನ್ನು ಆಗಾಗ ಕೆದಕಿ ತೆಗೆಯದಿದ್ದರೆ ಗಾಳಿ ಕಟ್ಟಿಹೋಗುತ್ತದೆ. ಇನ್ನು ಒಲೆ ಬಚ್ಚಲೊಳಗೇ ಇದ್ದರೆ, ಚಳಿಯೆಂದು ಕಿಟಕಿ ಮಾತ್ರ ಮುಚ್ಚಬೇಡಿ. ಅರೆ ಉರಿದ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.