ಸಂಬಳದ ಜೊತೆ ಹೊಲಿಗೆಯ ಆದಾಯ



ನಮ್ಮಲ್ಲಿ ಕೆಲವರು ಹಗಲು ಸಂಬಳದ ಕೆಲಸಕ್ಕೆ ಹೋಗಿ, ಸಂಜೆ ಮನೆಯಲ್ಲಿ ಹೊಲಿಗೆ ಮಾಡುತ್ತೇವೆ. “ಸಂಬಳಕ್ಕೆ ಅಲ್ಲೇ ತೆರಿಗೆ ಹಿಡೀತಾರಲ್ಲ, ಇದನ್ನ್ಯಾಕೆ ತೋರಿಸ್ಬೇಕು?” ಅಂತ ಕೇಳುವವರಿದ್ದಾರೆ. ತೋರಿಸಲೇಬೇಕು. ಆದಾಯ ತೆರಿಗೆಗೆ ಎರಡೂ ಸೇರಿ ಒಂದೇ ಲೆಕ್ಕ.

ಹೊಲಿಗೆಯ ಆದಾಯ ಎಂದರೆ ಕೈಗೆ ಬಂದ ಹಣವೆಲ್ಲ ಅಲ್ಲ. ನೂಲು, ಗುಂಡಿ, ಮೆಷಿನ್ ರಿಪೇರಿಯ ಖರ್ಚು ಕಳೆದು ಉಳಿದದ್ದು. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರ ಒಟ್ಟು ಆದಾಯ 4 ಲಕ್ಷ ರೂ. ದಾಟಿದರೆ ರಿಟರ್ನ್ ಸಲ್ಲಿಸಬೇಕು. ಆದರೆ ಸಂಬಳ, ಹೊಲಿಗೆ ಎರಡೂ ಸೇರಿ 12 ಲಕ್ಷ ರೂ.ವರೆಗೆ ಕಟ್ಟಬೇಕಾದ ತೆರಿಗೆ ಸೊನ್ನೆ. ಅದಕ್ಕೂ ಮೀರಿದರೆ, ಕೆಲಸದ ಕಡೆ ಮೊದಲೇ ತಿಳಿಸಿ ಸಂಬಳದಲ್ಲೇ ಹಿಡಿಸಬಹುದು.

ಹಾಗಾಗಿ ಹೆದರಿ ಮುಚ್ಚಿಡುವುದು ಬೇಡ. ನಾಳೆ ಹೊಸ ಮೆಷಿನ್ನಿಗೆ ಸಾಲ ಬೇಕಾದಾಗ ಈ ರಿಟರ್ನೇ ನಮ್ಮ ದುಡಿಮೆಗೆ ಸಾಕ್ಷಿ. ಸಂಘದ ಲೆಕ್ಕ ಬರೆಯುವ ನಾವು ಹೊಲಿಗೆಯ ಲೆಕ್ಕವನ್ನೂ ಬರೆದಿಡೋಣ.