ಶಾಸನದ ಭಾಷೆ, ಕೆಲಸಗಾರನ ಭಾಷೆ: ಬೈಕುಲ್ಲಾದ ನಿದರ್ಶನ

ಕನ್ನಡದಲ್ಲಿ 'ಶಾಸನ' ಎಂಬ ಪದಕ್ಕೆ ಎರಡು ಅರ್ಥಗಳುಂಟು: ಕಲ್ಲಿನಲ್ಲಿ ಕೊರೆದ ಬರೆಹ, ಹಾಗೂ ಪ್ರಭುತ್ವ ವಿಧಿಸುವ ಕಾನೂನು. ಮಧ್ಯಕಾಲೀನ ದಾನಶಾಸನಗಳಲ್ಲಿ ರಾಜಪ್ರಶಸ್ತಿ ಸಂಸ್ಕೃತದಲ್ಲಿದ್ದರೂ ಭೂಮಿಯ ಎಲ್ಲೆ, ತೆರಿಗೆಯ ವಿವರಗಳು ಅನೇಕ ಕಡೆ ಕನ್ನಡದಲ್ಲಿರುತ್ತವೆ. ಪಾಲಿಸಬೇಕಾದವರಿಗೆ ತಿಳಿಯದ ವಿಧಿ ನಡೆಯಲಾರದೆಂಬ ಅರಿವು ಅಲ್ಲಿದೆ. ಕೊನೆಯಲ್ಲಿ ಬರುವ ಶಾಪಾಶಯವು ಮೀರುವವನಿಗೆ ಪಾಪದ ಭಯವನ್ನು ಒಡ್ಡುತ್ತದೆ. ಆಧುನಿಕ ಕಾರ್ಮಿಕ ಕಾನೂನಿನಲ್ಲಿ ಶಾಪಾಶಯದ ಸ್ಥಾನವನ್ನು ಇನ್ಸ್‌ಪೆಕ್ಟರ್ ಪಡೆದನು. ಆದರೆ ಭಾಷೆಯ ಅರಿವು ಉಳಿಯಿತೇ ಎಂಬುದನ್ನು ಮುಂಬಯಿಯ ಬೈಕುಲ್ಲಾದ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮರಾಠಿಯಲ್ಲಿ ಭಾಯಖಳಾ ಎನಿಸುವ ಬೈಕುಲ್ಲಾ, ಖಟಾವ್ ಗಿರಣಿಯಂಥ ಹತ್ತಿ ಗಿರಣಿಗಳಿದ್ದ ಪ್ರದೇಶ. 1881ರ ಮೊದಲ ಕಾರ್ಖಾನೆ ಕಾನೂನು ಏಳು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತು. ಅಪಾಯಕರ ಯಂತ್ರಗಳಿಗೆ ಆವರಣ ಹಾಕಬೇಕೆಂದಿತು. ವಯಸ್ಕರ ದುಡಿಮೆಯ ಅವಧಿಗೆ ಮಾತ್ರ ಮಿತಿ ಹೇಳಲಿಲ್ಲ. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ಸುಮಾರು 5,500 ಗಿರಣಿ ಕೆಲಸಗಾರರು ಮನವಿಗೆ ಸಹಿ ಹಾಕಿ ವಾರದ ರಜೆ, ಮಧ್ಯಾಹ್ನದ ಬಿಡುವು, ಗಾಯಗೊಂಡವರಿಗೆ ಪರಿಹಾರಗಳನ್ನು ಕೇಳಿದರು. 1890ರಲ್ಲಿ ಗಿರಣಿ ಮಾಲೀಕರು ವಾರದ ರಜೆಯನ್ನು ಒಪ್ಪಿದರು. 1891ರ ಕಾನೂನು ಅದನ್ನು ವಿಧಿಯಾಗಿಸಿತು. ಲೋಖಂಡೆಯವರ 'ದೀನಬಂಧು' ಪತ್ರಿಕೆ ಮರಾಠಿಯದು. ಕೆಲಸಗಾರರ ಬೇಡಿಕೆ ಅವರದೇ ನುಡಿಯಲ್ಲಿ ರೂಪುಗೊಂಡಿತೆಂಬುದು ಗಮನಾರ್ಹ.

1948ರ ಕಾರ್ಖಾನೆ ಕಾನೂನಿನ 108ನೆಯ ಕಲಮು ಭಾಷೆಯ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಕಾನೂನಿನ ಸಾರಾಂಶವನ್ನು ಇಂಗ್ಲಿಷಿನಲ್ಲಿಯೂ, ಕಾರ್ಖಾನೆಯ ಬಹುಸಂಖ್ಯಾತ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಪ್ರವೇಶದ್ವಾರದ ಬಳಿ ಪ್ರದರ್ಶಿಸಬೇಕೆಂದು ಅದು ವಿಧಿಸಿತು. ಉದ್ದೇಶ ಸ್ತುತ್ಯವಾದುದೇ. ಆದರೆ 'ಬಹುಸಂಖ್ಯಾತ' ಎಂಬ ಮಾತು ಮುಂಬಯಿಯ ಕನ್ನಡಿಗ ಕೆಲಸಗಾರನನ್ನು ಹೊರಗಿಟ್ಟಿತು. ಮರಾಠಿಗರೇ ಹೆಚ್ಚಾಗಿದ್ದ ಗಿರಣಿಗಳಲ್ಲಿ ಫಲಕ ಅವನ ಭಾಷೆಯಲ್ಲಿ ಇರಲೇಬೇಕೆಂಬ ನಿರ್ಬಂಧವಿರಲಿಲ್ಲ. ಯಂತ್ರದ ಪಟ್ಟಿಗೆ ಕೈ ಸಿಕ್ಕುವ ಅಪಾಯ ಮಾತ್ರ ಎಲ್ಲ ಭಾಷಿಕರಿಗೂ ಒಂದೇ.

ಹೋಟೆಲುಗಳ ಸ್ಥಿತಿ ಇನ್ನೂ ಜಟಿಲವಾದುದು. ದಕ್ಷಿಣ ಕನ್ನಡದಿಂದ, ಉಡುಪಿಯ ಸೀಮೆಯಿಂದ ಎಳೆಯ ವಯಸ್ಸಿನಲ್ಲೇ ಬಂದ ಅನೇಕರು ಮುಂಬಯಿಯಲ್ಲಿ ಮಾಣಿಗಳಾಗಿ, ಅಡುಗೆಯವರಾಗಿ ದುಡಿದರು. ಇವರಿಗೆ ಅನ್ವಯಿಸುತ್ತಿದ್ದುದು 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾನೂನು. ದಿನಕ್ಕೆ ಒಂಬತ್ತು ಗಂಟೆಯ ದುಡಿಮೆ, ವಾರಕ್ಕೊಂದು ರಜೆ ಎಂದು ವಿಧಿಸಿದ್ದ ಇದರ ಜಾರಿ ನಗರಪಾಲಿಕೆಯ ಇನ್ಸ್‌ಪೆಕ್ಟರರದು. ತುಳು, ಕನ್ನಡಗಳನ್ನಷ್ಟೇ ಬಲ್ಲ ಹುಡುಗನ ಹೇಳಿಕೆಯನ್ನು ಮರಾಠಿಯಲ್ಲಿ ಕೇಳುವ ಅಧಿಕಾರಿಗೆ ದುಭಾಷಿ ಯಾರು? ಮಾಲೀಕನೇ ಆದರೆ ತಪಾಸಣೆ ಅಲ್ಲಿಗೇ ಮುಗಿಯಿತು. ಊರಿನ ನಂಟಸ್ತಿಕೆಯಿಂದ ಕೆಲಸ ಕೊಟ್ಟವನ ಮೇಲೆ ದೂರು ಹೇಳುವುದು ಭಾಷೆ ಬಲ್ಲವನಿಗೂ ಸುಲಭವಲ್ಲ. ಅನ್ನ, ಆಸರೆ ಎರಡೂ ಅವನ ಕೈಯಲ್ಲಿ.

ಮೊಗವೀರ, ಬಂಟ, ಬಿಲ್ಲವ ಮೊದಲಾದ ಸಮಾಜಗಳು ಮುಂಬಯಿಯಲ್ಲಿ ನಡೆಸಿದ ರಾತ್ರಿ ಶಾಲೆಗಳನ್ನು ಈ ದೃಷ್ಟಿಯಿಂದಲೂ ಅವಲೋಕಿಸಬೇಕು. ಅವುಗಳನ್ನು ಭಾಷಾಭಿಮಾನದ, ಸಮಾಜಸೇವೆಯ ಸಂಸ್ಥೆಗಳೆಂದು ಹೊಗಳುವುದು ವಾಡಿಕೆ. ಹಗಲೆಲ್ಲ ದುಡಿದು ರಾತ್ರಿ ಅಕ್ಷರ ಕಲಿತವನಿಗೆ ಗೋಡೆಯ ಫಲಕವನ್ನು, ಹಾಜರಿ ಪುಸ್ತಕವನ್ನು ಓದುವ ಶಕ್ತಿ ಬಂತೆಂಬುದೂ ಅಷ್ಟೇ ಮಹತ್ವದ್ದು. ಶಾಲೆಗೆ ಹೋಗಲು ಸಂಜೆಯ ಬಿಡುವು ಬೇಕು. ದುಡಿಮೆಯ ಅವಧಿಗೆ ಮಿತಿಯಿಲ್ಲದಿದ್ದರೆ ಆ ಬಿಡುವೂ ಇಲ್ಲ. ಕಾನೂನಿಗೂ ಅಕ್ಷರಕ್ಕೂ ಇದ್ದ ನಂಟು ಹೀಗೆ ಪರಸ್ಪರವಾದುದು.

1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ಬಳಿಕ ಈ ಉದ್ಯಮ ಮುಂಬಯಿಯಲ್ಲಿ ಚೇತರಿಸಿಕೊಳ್ಳಲಿಲ್ಲ. 2017ರಲ್ಲಿ ಮಹಾರಾಷ್ಟ್ರ ತಂದ ಹೊಸ ಅಂಗಡಿ ಕಾನೂನು ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗಳನ್ನು ತನ್ನ ಬಹುತೇಕ ವಿಧಿಗಳಿಂದ ಹೊರಗಿಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ವಿದ್ಯುಚ್ಛಕ್ತಿ ಬಳಸುವ ಕಾರ್ಖಾನೆಯ ಮಿತಿಯನ್ನು 10ರಿಂದ 20ಕ್ಕೆ, ಬಳಸದಿದ್ದರೆ 20ರಿಂದ 40ಕ್ಕೆ ಏರಿಸಿತು. ಇನ್ಸ್‌ಪೆಕ್ಟರನಿಗೆ ಸಲಹೆಗಾರನ ಹೊಣೆಯನ್ನೂ ಸೇರಿಸಿತು. ಸಣ್ಣ ಕಾರ್ಯಾಗಾರದ ಕೆಲಸಗಾರನಿಗೆ ಈಗ ಫಲಕದ ಭಾಷೆಗಿಂತ ಫಲಕವೇ ದೂರವಾಗಿದೆ.

ಹೊರನಾಡಿನ ಕನ್ನಡವನ್ನು ಅಭ್ಯಸಿಸುವವರು ಸಾಹಿತ್ಯಕೃತಿಗಳೊಡನೆ ರಾತ್ರಿ ಶಾಲೆಗಳ ಹಾಜರಿ ಪುಸ್ತಕ, ಸಂಘಗಳ ನಡಾವಳಿ, ಕಾರ್ಖಾನೆ ತಪಾಸಣೆಯ ವಾರ್ಷಿಕ ವರದಿಗಳನ್ನೂ ಆಕರಗಳೆಂದು ಪರಿಗಣಿಸುವುದು ಅಗತ್ಯ. ಕಲ್ಲಿನ ಶಾಸನ ಯಾರಿಗಾಗಿ ಬರೆಯಲ್ಪಟ್ಟಿತೆಂದು ಕೇಳುವ ನಾವು, ಗೋಡೆಯ ಶಾಸನವನ್ನು ಯಾರು ಓದಬಲ್ಲವರಾಗಿದ್ದರೆಂದೂ ಕೇಳಬೇಕು.